ಲೆಕ್ಕ ಕೂಡಿತು, ತಂಡ ಕೂಡಿತಾ?

2025ರ ಫೆಬ್ರವರಿ 1 ನೆನಪಿದೆಯಾ? ಶನಿವಾರ. ಕೇಂದ್ರ ಬಜೆಟ್. 12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ ಅಂತ ನಿರ್ಮಲಾ ಸೀತಾರಾಮನ್ ಘೋಷಿಸಿದ ದಿನ. ಬೆಳಗ್ಗೆಯಿಂದ ರಾತ್ರಿವರೆಗೆ ಸ್ಟುಡಿಯೋದಲ್ಲಿ ಸ್ಲ್ಯಾಬ್, ರಿಬೇಟ್, ಸ್ಟ್ಯಾಂಡರ್ಡ್ ಡಿಡಕ್ಷನ್ ಅಂತ ಮಾತಾಡಿ ನನ್ನ ಗಂಟಲು ಕಟ್ಟಿಹೋಗಿತ್ತು. ಮರುದಿನ ಭಾನುವಾರ. ತಡವಾಗಿ ಎದ್ದು, ಇನ್ನು ಈ ವಾರ ಯಾವ ಅಂಕಿಯನ್ನೂ ಬಾಯಲ್ಲಿ ಹೇಳಲ್ಲ ಅಂತ ತೀರ್ಮಾನ ಮಾಡಿ ಕಾಫಿ ಹಿಡಿದು ಕೂತಿದ್ದೆ. ಹನ್ನೊಂದು ಗಂಟೆ ಹೊತ್ತಿಗೆ ಅಮೆರಿಕದಿಂದ ಫೋನ್. ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿರುವ ನಮ್ಮಕ್ಕನ ಮಗ. ಅಲ್ಲಿ ಆಗ ಮಧ್ಯರಾತ್ರಿ ಹತ್ತಿರ. ಹದಿನೈದು ವರ್ಷದ ಹುಡುಗ ಅಳ್ತಿದ್ದಾನೆ. ಅಕ್ಕನಿಗೆ ಏನಾಯ್ತೋ, ಭಾವನಿಗೆ ಏನಾಯ್ತೋ ಅಂತ ನನ್ನ ಎದೆ ಧಸಕ್ಕೆಂದಿತು.

"ಮಾಮ, ಲೂಕಾನ ಕೊಟ್ಟುಬಿಟ್ರು" ಅಂದ.

ಲೂಕಾ ಅಂದ್ರೆ ಲೂಕಾ ಡಾನ್ಚಿಚ್. ಸ್ಲೊವೇನಿಯಾದವನು, ಆಗ ವಯಸ್ಸು 25. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ತಂಡದ ಜೀವಾಳ. ಹಿಂದಿನ ವರ್ಷವಷ್ಟೇ ತಂಡವನ್ನು ಫೈನಲ್‌ವರೆಗೆ ಒಯ್ದಿದ್ದ. ಅಂಥವನನ್ನು ಲಾಸ್ ಏಂಜಲೀಸ್ ಲೇಕರ್ಸ್‌ಗೆ ಕೊಟ್ಟು, 31 ವರ್ಷದ ಆಂಥನಿ ಡೇವಿಸ್‌ನನ್ನು ತಗೊಂಡಿದ್ದರು. ಮುಂಚೆ ಒಂದು ಸುಳಿವೂ ಇರಲಿಲ್ಲ. ಸುದ್ದಿ ಬಂದಾಗ ಇಎಸ್‌ಪಿಎನ್ ವರದಿಗಾರನ ಖಾತೆಯನ್ನೇ ಯಾರೋ ಹ್ಯಾಕ್ ಮಾಡಿದ್ದಾರೆ ಅಂತ ಜನ ಅಂದುಕೊಂಡರು. ಬ್ರೇಕಿಂಗ್ ನ್ಯೂಸ್ ಓದಿಯೇ ಹೊಟ್ಟೆ ಹೊರೆಯುವ ನನಗೆ ಆ ವರದಿಗಾರನ ಬಗ್ಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯ್ತು ಅನ್ನಿ.

ಈ ಹುಡುಗ ನನಗೆ ಫೋನ್ ಮಾಡೋಕೆ ಕಾರಣ ಇದೆ. ಆಟಗಾರರ ವಿನಿಮಯದ ಪ್ರಸ್ತಾಪಗಳನ್ನು ಕಟ್ಟುವುದು ಅವನ ಹುಚ್ಚು. ಇವನನ್ನು ಕೊಟ್ಟು ಅವನನ್ನು ತಗೊಂಡ್ರೆ ಹೇಗೆ ಅಂತ ವಾಟ್ಸಾಪ್‌ನಲ್ಲಿ ಕಳಿಸ್ತಾನೆ. "ನೀವು ಎಂಜಿನಿಯರ್ ಅಲ್ವಾ ಮಾಮ, ಲೆಕ್ಕ ಚೆಕ್ ಮಾಡಿ" ಅಂತ ಕೊನೆಗೊಂದು ಸಾಲು. ಎಂಜಿನಿಯರಿಂಗ್ ಮುಗಿಸಿ ಕ್ಯಾಮೆರಾ ಮುಂದೆ ನಿಂತವನಿಗೆ ಯಾರಾದರೂ ಹೀಗೆ ಕೇಳಿದರೆ ಇಲ್ಲ ಅನ್ನೋಕೆ ಮನಸ್ಸು ಬರಲ್ಲ. ಹಾಗಾಗಿ ನಿಯಮ ಓದಿಕೊಂಡೆ. ಓದಿಕೊಂಡಿದ್ದನ್ನು ನಿಮಗೂ ಹೇಳ್ತೀನಿ.

ನಮಗೆ ಟ್ರೇಡ್ ಅಂದ್ರೆ ಐಪಿಎಲ್. 2023ರ ನವೆಂಬರ್‌ನಲ್ಲಿ ಆರ್‌ಸಿಬಿಯವರು 17.5 ಕೋಟಿ ರೂಪಾಯಿಗೆ ಮುಂಬೈಯಿಂದ ಕ್ಯಾಮರೂನ್ ಗ್ರೀನ್‌ನನ್ನು ತಂದರು. ಈ ಕಡೆಯಿಂದ ಯಾವ ಆಟಗಾರನೂ ಹೋಗಲಿಲ್ಲ. ದುಡ್ಡು ಹೋಯ್ತು, ಆಟಗಾರ ಬಂದ. ಎನ್‌ಬಿಎಯಲ್ಲಿ ಸಂಬಳದ ಮಿತಿ ದಾಟಿರುವ ತಂಡ ಹೀಗೆ ಮಾಡೋ ಹಾಗಿಲ್ಲ. ಸಂಬಳ ಒಳಗೆ ಬರಬೇಕಾದರೆ ಸಂಬಳ ಹೊರಗೆ ಹೋಗಬೇಕು. 5 ಕೋಟಿ ಡಾಲರ್ ಸಂಬಳದವನು ಬೇಕಾ? ಹೆಚ್ಚುಕಡಿಮೆ ಅಷ್ಟೇ ಸಂಬಳದ ಆಟಗಾರರನ್ನು ನೀವು ಕಳಿಸಬೇಕು. ಒಬ್ಬ ಸಾಲದಿದ್ದರೆ ಇಬ್ಬರು, ಇಬ್ಬರು ಸಾಲದಿದ್ದರೆ ಮೂವರು.

ಏನಿದು ಸಂಬಳದ ಮಿತಿ? 1984-85ರಲ್ಲಿ ಇಂದಿನ ರೂಪದ ಸ್ಯಾಲರಿ ಕ್ಯಾಪ್ ಬಂದಾಗ ಅದು ಒಂದು ತಂಡಕ್ಕೆ 36 ಲಕ್ಷ ಡಾಲರ್. ನಲವತ್ತು ವರ್ಷದ ನಂತರ, ಲೂಕಾ ಹೋದ 2024-25ರ ಋತುವಿನಲ್ಲಿ, 14.06 ಕೋಟಿ ಡಾಲರ್. ಲೀಗ್‌ನ ಆದಾಯದಲ್ಲಿ ಹತ್ತಿರಹತ್ತಿರ ಅರ್ಧ ಆಟಗಾರರಿಗೆ ಹೋಗಬೇಕು ಅನ್ನುವ ಒಪ್ಪಂದದಿಂದ ಈ ಅಂಕಿ ಹುಟ್ಟುತ್ತದೆ. ಟಿವಿ ಹಕ್ಕಿನ ದುಡ್ಡು ಏರಿದ ಹಾಗೆ ಮಿತಿಯೂ ಏರುತ್ತದೆ. ಆದರೆ ಇದು ಗೋಡೆಯಲ್ಲ, ಗೆರೆ ಮಾತ್ರ. ನಿಮ್ಮದೇ ಹಳೇ ಆಟಗಾರನನ್ನು ಉಳಿಸಿಕೊಳ್ಳಲು ದಾಟಬಹುದು. ದಾಟಿ ಮುಂದೆ ಹೋದರೆ 17.08 ಕೋಟಿಗೆ ತೆರಿಗೆಯ ಗೆರೆ. ಇನ್ನೂ ಮುಂದೆ 17.81 ಕೋಟಿಗೆ ಮೊದಲ ಏಪ್ರನ್, 18.89 ಕೋಟಿಗೆ ಎರಡನೇ ಏಪ್ರನ್. ಅಡುಗೆಮನೆಯ ಏಪ್ರನ್‌ಗೂ ಇದಕ್ಕೂ ಸಂಬಂಧ ಹುಡುಕಬೇಡಿ.

ತೆರಿಗೆ ಅಂದ್ರೆ ದುಡ್ಡಿನ ಮಾತು. ಶ್ರೀಮಂತ ಮಾಲೀಕ ಕಟ್ಟಿಬಿಡ್ತಾನೆ. ಏಪ್ರನ್ ಕೈ ಕಟ್ಟಿಹಾಕುತ್ತದೆ. ಎಲ್ಲ ಗೆರೆಗಳ ಕೆಳಗಿರುವ ತಂಡ ತಾನು ಕಳಿಸಿದ ಸಂಬಳಕ್ಕಿಂತ ಕಾಲುಭಾಗದಷ್ಟು ಹೆಚ್ಚು ತರಬಹುದು, ಸಣ್ಣ ಸಂಬಳಗಳಾದರೆ ಇನ್ನೂ ಸಡಿಲ. ಮೊದಲ ಏಪ್ರನ್ ದಾಟಿದ ತಂಡ ಕಳಿಸಿದ್ದಕ್ಕಿಂತ ಒಂದು ಡಾಲರ್ ಕೂಡ ಹೆಚ್ಚು ತರುವಂತಿಲ್ಲ. ಎರಡನೇದನ್ನು ದಾಟಿದವರ ಪಾಡು ಕೇಳಲೇಬೇಡಿ: ಇಬ್ಬರ ಸಂಬಳ ಕೂಡಿಸಿ ಒಬ್ಬ ದೊಡ್ಡವನನ್ನು ತರೋದೂ ಬಂದ್.

ಈ ನಿಯಮಗಳಿಂದಲೇ ಒಂದು ವಿಚಿತ್ರ ಜಾತಿಯ ಆಟಗಾರ ಹುಟ್ಟಿಕೊಂಡಿದ್ದಾನೆ. ಅವನ ಆಟಕ್ಕಿಂತ ಅವನ ಸಂಬಳಕ್ಕೆ ಬೇಡಿಕೆ. ನಮ್ಮ ಹುಡುಗನ ಪ್ರತಿ ಪ್ರಸ್ತಾಪದಲ್ಲೂ ಒಂದು ಹೆಸರು ಇರ್ತಿತ್ತು, ಮ್ಯಾಕ್ಸಿ ಕ್ಲೀಬರ್. ಜರ್ಮನಿಯವನು, 2017ರಿಂದ ಡಲ್ಲಾಸ್‌ನಲ್ಲೇ ಇದ್ದವನು, ವರ್ಷಕ್ಕೆ 1.10 ಕೋಟಿ ಡಾಲರ್. "ಇವನನ್ನು ಯಾಕೋ ಎಲ್ಲದಕ್ಕೂ ಸೇರಿಸ್ತೀಯ?" ಅಂತ ಒಮ್ಮೆ ಕೇಳಿದ್ದೆ. "ಲೆಕ್ಕ ಕೂಡ್ಬೇಕಲ್ಲ ಮಾಮ" ಅಂದಿದ್ದ. ಒಗ್ಗರಣೆಗೆ ಕರಿಬೇವು ಬೇಕು, ಊಟಕ್ಕೆ ಕೂತಾಗ ಅದು ತಟ್ಟೆಯ ಅಂಚಿಗೆ.

ಇದರಲ್ಲಿ ನನಗೆ ತುಂಬ ಇಷ್ಟವಾದ ಕಥೆ 2008ರದ್ದು. ಇದೇ ಡಲ್ಲಾಸ್ ತಂಡಕ್ಕೆ ನ್ಯೂಜೆರ್ಸಿಯಿಂದ ಜೇಸನ್ ಕಿಡ್ ಬೇಕಿತ್ತು. ಮೊದಲ ಪ್ರಯತ್ನ ಮುರಿದುಬಿತ್ತು, ಡೆವೀನ್ ಜಾರ್ಜ್ ಎಂಬ ಆಟಗಾರ ತನಗಿದ್ದ ಹಕ್ಕು ಬಳಸಿ ಹೋಗಲ್ಲ ಅಂದ. ಸಂಬಳ ಕಡಿಮೆ ಬಿತ್ತು. ಆಗ ತಂಡದವರು ಏನು ಮಾಡಿದರು ಗೊತ್ತಾ? 2006ರಿಂದ ಒಂದೂ ಪಂದ್ಯ ಆಡದೆ ಮನೆಯಲ್ಲಿದ್ದ ತಮ್ಮ ಹಳೇ ಆಟಗಾರ ಕೀತ್ ವ್ಯಾನ್ ಹಾರ್ನ್‌ನನ್ನು ಕರೆದು, 40 ಲಕ್ಷ ಡಾಲರ್‌ಗೂ ಹೆಚ್ಚಿನ ಒಪ್ಪಂದಕ್ಕೆ ಸಹಿ ಹಾಕಿಸಿ, ಅವನನ್ನೇ ನ್ಯೂಜೆರ್ಸಿಗೆ ಕಳಿಸಿದರು. ಲೆಕ್ಕ ಕೂಡಿತು. ವ್ಯಾನ್ ಹಾರ್ನ್ ಅಲ್ಲಿ ಒಂದು ನಿಮಿಷವೂ ಆಡಲಿಲ್ಲ. ಆ ವಿನಿಮಯದಲ್ಲಿ ಬಂದ ಕಿಡ್ ಮೂರು ವರ್ಷದ ನಂತರ ಡಲ್ಲಾಸ್ ಚಾಂಪಿಯನ್ ಆದಾಗ ತಂಡದಲ್ಲಿದ್ದ.

ಈಗ ಲೂಕಾ ಲೆಕ್ಕಕ್ಕೆ ಬನ್ನಿ. ಆ ಭಾನುವಾರ ಹುಡುಗನನ್ನು ಸಮಾಧಾನ ಮಾಡೋಕೆ ಬೇರೆ ದಾರಿ ಕಾಣದೆ "ಬಾ, ಇಬ್ಬರೂ ಸೇರಿ ಲೆಕ್ಕ ನೋಡೋಣ" ಅಂದೆ. ಲೇಕರ್ಸ್ ಆಗ ಮೊದಲ ಏಪ್ರನ್ ದಾಟಿದ್ದ ತಂಡ. ಒಂದು ಡಾಲರ್ ಹೆಚ್ಚು ತರುವಂತಿಲ್ಲ. ಡೇವಿಸ್ ಸಂಬಳ 4.32 ಕೋಟಿ, ಲೂಕಾ 4.30 ಕೋಟಿ. ಇವರಿಬ್ಬರನ್ನೇ ಅದಲುಬದಲು ಮಾಡಿದ್ದರೆ ಅಲ್ಲಿಗೇ ಮುಗೀತಿತ್ತು. ಆದರೆ ಡಲ್ಲಾಸ್ ಕ್ಲೀಬರ್‌ನನ್ನೂ ಸೇರಿಸಿತು. ಆ 1.10 ಕೋಟಿಗೆ ಲೇಕರ್ಸ್ ಎದುರುತೂಕ ಹಾಕಬೇಕು. ಮ್ಯಾಕ್ಸ್ ಕ್ರಿಸ್ಟಿ ಅನ್ನುವ ಯುವಕ 71 ಲಕ್ಷ, ಜೇಲನ್ ಹುಡ್-ಶಿಫಿನೋ 39 ಲಕ್ಷ. ಕೂಡಿಸಿ. 1.10 ಕೋಟಿ! ಒಟ್ಟು ಹೊರಗೆ ಹೋದದ್ದು 5.42 ಕೋಟಿ, ಒಳಗೆ ಬಂದದ್ದು 5.40 ಕೋಟಿ. ಡಲ್ಲಾಸ್‌ನಿಂದ ಮಾರ್ಕೀಫ್ ಮಾರಿಸ್ ಕೂಡ ಹೋದ, ಆದರೆ ಕನಿಷ್ಠ ವೇತನದವರಿಗೆ ಪ್ರತ್ಯೇಕ ವಿನಾಯಿತಿ ಇರುವುದರಿಂದ ಅವನು ಈ ತಕ್ಕಡಿಗೆ ಬರಲ್ಲ.

ಇಲ್ಲಿಗೂ ಮುಗಿಯಲಿಲ್ಲ. ಡೇವಿಸ್ ಒಪ್ಪಂದದಲ್ಲಿ, ನನ್ನನ್ನು ಬೇರೆ ತಂಡಕ್ಕೆ ಕಳಿಸಿದರೆ ಬೋನಸ್ ಕೊಡಬೇಕು ಅನ್ನುವ ಷರತ್ತಿತ್ತು. ಅದು ಸೇರಿದ್ದರೆ ಡಲ್ಲಾಸ್ ಲೆಕ್ಕದಲ್ಲಿ ಅವನ ಸಂಬಳ ಊದಿಕೊಳ್ಳುತ್ತಿತ್ತು. ಸುಮಾರು 59 ಲಕ್ಷ ಡಾಲರ್, ಅವನೇ ಬೇಡ ಅಂತ ಬಿಟ್ಟುಕೊಟ್ಟ. ಇನ್ನು ಹುಡ್-ಶಿಫಿನೋ. ಅವನನ್ನು ಡಲ್ಲಾಸ್‌ಗೂ ಕಳಿಸಲಿಲ್ಲ, ಮೂರನೇ ತಂಡ ಯೂಟಾಗೆ ದಾಟಿಸಿದರು. ಅವನನ್ನು ಇಟ್ಟುಕೊಳ್ಳುವ ಉಪಕಾರಕ್ಕೆ ಯೂಟಾಗೆ ಎರಡು ಎರಡನೇ ಸುತ್ತಿನ ಡ್ರಾಫ್ಟ್ ಪಿಕ್ ಸಿಕ್ಕವು. ಯೂಟಾ ಕೆಲವೇ ದಿನಗಳಲ್ಲಿ ಅವನನ್ನು ಕೈಬಿಟ್ಟಿತು. 2023ರಲ್ಲಿ ಮೊದಲ ಸುತ್ತಿನಲ್ಲೇ ಆಯ್ಕೆಯಾಗಿದ್ದ ಹುಡುಗ. ಜಗತ್ತೆಲ್ಲ ಲೂಕಾ, ಡೇವಿಸ್ ಅಂತ ಮಾತಾಡ್ತಿರುವಾಗ ಈ 39 ಲಕ್ಷದವನ ಬಗ್ಗೆ ಯಾರು ಕೇಳ್ತಾರೆ?

ಲೆಕ್ಕವೇನೋ ಪಕ್ಕಾ. ಎಂಜಿನಿಯರಿಂಗ್‌ನಲ್ಲಿ ನನಗೆ ಎಂ-3 ಬ್ಯಾಕ್ ಆಗಿತ್ತು, ಮುಚ್ಚಿಡಲ್ಲ. ಆದರೂ ಮೇಷ್ಟ್ರು ಹೇಳಿದ ಒಂದು ಮಾತು ತಲೆಯಲ್ಲಿ ಉಳಿದಿದೆ: ಒಂದು ಷರತ್ತು ಅಗತ್ಯ ಆಗಿರಬಹುದು, ಹಾಗಂತ ಅಷ್ಟೇ ಸಾಕು ಅಂತಲ್ಲ. ಸಂಬಳ ಹೊಂದುವುದು ಅಗತ್ಯ. ಹೊಂದಲಿಲ್ಲ ಅಂದ್ರೆ ಲೀಗ್ ಕಚೇರಿ ಕಾಗದವನ್ನೇ ಮುಟ್ಟಲ್ಲ. ಆದರೆ ಬಂದವನು ತಂಡದೊಳಗೆ ಎಲ್ಲಿ ನಿಲ್ತಾನೆ ಅನ್ನೋದನ್ನು ಯಾವ ಕಚೇರಿಯೂ ಪರೀಕ್ಷೆ ಮಾಡಲ್ಲ. ಆ ಪರೀಕ್ಷೆ ನಡೆಯೋದು ಅಂಕಣದಲ್ಲಿ, ಸಾವಿರಾರು ಜನರ ಎದುರು.

ಲೇಕರ್ಸ್‌ಗೇ ಇದರ ಅನುಭವ ಇತ್ತು. 2021ರಲ್ಲಿ ರಸೆಲ್ ವೆಸ್ಟ್‌ಬ್ರೂಕ್‌ನನ್ನು ತಂದರು. ಸಂಬಳ 4.42 ಕೋಟಿ. ಅದಕ್ಕೆ ಸಮ ಮಾಡಲು ಕೈಲ್ ಕೂಜ್ಮಾ, ಕೆಂಟೇವಿಯಸ್ ಕಾಲ್ಡ್‌ವೆಲ್-ಪೋಪ್, ಮಾಂಟ್ರೆಜ್ ಹ್ಯಾರೆಲ್ ಮೂವರನ್ನು ಕಳಿಸಿದರು, ಮೂವರದ್ದೂ ಸೇರಿ ಸುಮಾರು 3.57 ಕೋಟಿ. ಅದರ ಒಂದೂಕಾಲು ಪಟ್ಟು 4.46. ವೆಸ್ಟ್‌ಬ್ರೂಕ್ ಒಳಗೆ ಕೂತ. ಕಾಗದದ ಮೇಲೆ ಅದ್ಭುತ: ಲೆಬ್ರಾನ್ ಜೇಮ್ಸ್, ಡೇವಿಸ್, ವೆಸ್ಟ್‌ಬ್ರೂಕ್. ಆದರೆ ಅಂಕಣದಲ್ಲಿರೋದು ಒಂದೇ ಚೆಂಡು. ವೆಸ್ಟ್‌ಬ್ರೂಕ್ ಚೆಂಡು ಕೈಯಲ್ಲಿದ್ದರೆ ಮಾತ್ರ ವೆಸ್ಟ್‌ಬ್ರೂಕ್. ಲೆಬ್ರಾನ್‌ಗೂ ಚೆಂಡು ಬೇಕು. ಚೆಂಡಿಲ್ಲದಾಗ ದೂರ ನಿಂತು ಮೂರು ಅಂಕದ ಎಸೆತ ಹಾಕುವವನು ಬೇಕಿತ್ತು, ವೆಸ್ಟ್‌ಬ್ರೂಕ್‌ಗೆ ಅದೇ ಕೈಹಿಡಿಯದ ವಿದ್ಯೆ. ಆ ಕೆಲಸ ಮಾಡ್ತಿದ್ದ ಕಾಲ್ಡ್‌ವೆಲ್-ಪೋಪ್‌ನನ್ನು ಕಳಿಸಿಯಾಗಿತ್ತು. ಮೂರು ಜನ ಹೋಗಿ ಒಬ್ಬ ಬಂದ ಮೇಲೆ ಬೆಂಚ್ ತುಂಬಿಸಲು ಕನಿಷ್ಠ ವೇತನಕ್ಕೆ ಸಿಗುವ ಹಿರಿಯರೇ ಗತಿ. ಆ ಋತುವಿನಲ್ಲಿ 33 ಗೆಲುವು, 49 ಸೋಲು. ಪ್ಲೇಆಫ್‌ಗೇ ಹೋಗಲಿಲ್ಲ. ಕಾಲ್ಡ್‌ವೆಲ್-ಪೋಪ್ 2023ರಲ್ಲಿ ಡೆನ್ವರ್ ತಂಡದ ಜೊತೆ ಚಾಂಪಿಯನ್ ಆದ. ಅದೇ 2023ರ ಫೆಬ್ರವರಿಯಲ್ಲಿ ಲೇಕರ್ಸ್ ವೆಸ್ಟ್‌ಬ್ರೂಕ್‌ನ ಆ ದೊಡ್ಡ ಸಂಬಳವನ್ನೇ ಚಿಲ್ಲರೆ ಮಾಡಿಸಿ ಡಿ'ಏಂಜಲೋ ರಸೆಲ್, ಜಾರೆಡ್ ವ್ಯಾಂಡರ್‌ಬಿಲ್ಟ್, ಮಲಿಕ್ ಬೀಸ್ಲಿ ಅಂತ ಮೂವರನ್ನು ತಂದಿತು. ಯಾರೂ ಮಹಾತಾರೆಗಳಲ್ಲ. ತಂಡ ಪಶ್ಚಿಮ ವಿಭಾಗದ ಫೈನಲ್ ಮುಟ್ಟಿತು.

ಇಷ್ಟೆಲ್ಲ ಪಾಠ ಆದ ಮೇಲೂ 2025ರಲ್ಲಿ ಏನಾಯ್ತು ನೋಡಿ. ಡೇವಿಸ್ ಹೋದದ್ದರಿಂದ ಲೇಕರ್ಸ್‌ನಲ್ಲಿ ಬುಟ್ಟಿಯ ಕೆಳಗೆ ನಿಲ್ಲುವ ಎತ್ತರದ ಆಳು, ಅಂದ್ರೆ ಒಳ್ಳೆಯ ಸೆಂಟರ್, ಇಲ್ಲವಾದ. ಗಡುವಿಗೆ ಉಳಿದಿದ್ದು ನಾಲ್ಕೇ ದಿನ. ಓಡಿ ಹೋಗಿ ಷಾರ್ಲೆಟ್ ತಂಡದ ಏಳಡಿ ಎತ್ತರದ ಮಾರ್ಕ್ ವಿಲಿಯಮ್ಸ್‌ಗೆ ಒಪ್ಪಂದ ಮಾಡಿಕೊಂಡರು. ಡಾಲ್ಟನ್ ನೆಕ್ಟ್, ಕ್ಯಾಮ್ ರೆಡಿಶ್ ಜೊತೆಗೆ 2031ರ ಮೊದಲ ಸುತ್ತಿನ ಪಿಕ್. ಸಂಬಳ ಹೊಂದಿತ್ತು, ಸ್ಥಾನವೂ ಹೊಂದಿತ್ತು. ಆಮೇಲೆ ವೈದ್ಯಕೀಯ ಪರೀಕ್ಷೆ ನಡೀತು. ವಿಲಿಯಮ್ಸ್ ಪಾಸಾಗಲಿಲ್ಲ. ವಿನಿಮಯವೇ ರದ್ದು. ಬ್ಯಾಗ್ ಕಟ್ಟಿದ್ದ ನೆಕ್ಟ್, ನೀನು ಬೇಡ ಅಂದ ತಂಡಕ್ಕೇ ವಾಪಸ್ ಬಂದು ಅವರ ಜೊತೆಗೇ ಅಭ್ಯಾಸಕ್ಕೆ ನಿಂತ. ಅಷ್ಟರಲ್ಲಿ ಗಡುವೂ ದಾಟಿತ್ತು.

ಏಪ್ರಿಲ್ 30. ಪ್ಲೇಆಫ್ ಮೊದಲ ಸುತ್ತಿನ ಐದನೇ ಪಂದ್ಯ, ಎದುರಿಗೆ ಮಿನೆಸೋಟ. ಅವರ ಸೆಂಟರ್ ರೂಡಿ ಗೋಬೇರ್ 27 ಅಂಕ, 24 ರಿಬೌಂಡ್. ಲೇಕರ್ಸ್ ಸರಣಿಯನ್ನು 4-1ರಿಂದ ಸೋತು ಮನೆಗೆ. ಲೂಕಾ ಇದ್ದ, ಲೆಬ್ರಾನ್ ಇದ್ದ, ಗೋಬೇರ್‌ನನ್ನು ತಡೆಯುವವನು ಇರಲಿಲ್ಲ.

ಡಲ್ಲಾಸ್ ಕಥೆ ಇದರ ಉಲ್ಟಾ. ಅಲ್ಲಿ ಎತ್ತರದವರು ಜಾಸ್ತಿಯಾದರು. ಡೆರೆಕ್ ಲೈವ್ಲಿ, ಡೇನಿಯಲ್ ಗ್ಯಾಫರ್ಡ್ ಮೊದಲೇ ಇದ್ದರು, ಈಗ ಡೇವಿಸ್. ರಕ್ಷಣೆ ಗಟ್ಟಿಯಾದರೆ ಚಾಂಪಿಯನ್ ಆಗ್ತೀವಿ ಅನ್ನುವುದು ಜನರಲ್ ಮ್ಯಾನೇಜರ್ ನಿಕೋ ಹ್ಯಾರಿಸನ್ ಅವರ ವಾದ. ಅದನ್ನು ಪೂರ್ತಿ ತಳ್ಳಿಹಾಕೋಕೆ ನಾನು ತಯಾರಿಲ್ಲ, ಡೇವಿಸ್ ಆಡಿದಾಗ ಅಂಥ ರಕ್ಷಕ ಸಿಗೋದು ಕಷ್ಟ. ಮೊದಲ ಪಂದ್ಯದಲ್ಲೇ 26 ಅಂಕ, 16 ರಿಬೌಂಡ್ ಮಾಡಿದ. ಅದೇ ಪಂದ್ಯದಲ್ಲಿ ಗಾಯವಾಗಿ ಹೊರನಡೆದ. ಲೈವ್ಲಿ ಆಗಲೇ ಗಾಯದಲ್ಲಿದ್ದ, ಎರಡು ದಿನದಲ್ಲಿ ಗ್ಯಾಫರ್ಡ್ ಮೊಣಕಾಲು. ಮಾರ್ಚ್ 3ಕ್ಕೆ ಕೈರಿ ಅರ್ವಿಂಗ್ ಮೊಣಕಾಲಿನ ಲಿಗಮೆಂಟ್ ಹರಿದು ವರ್ಷವೇ ಹೋಯ್ತು. ಲೂಕಾ ಇಲ್ಲದೆ ಆಟ ನಡೆಸ್ತಿದ್ದವನು ಅವನೊಬ್ಬನೇ.

ಸರಿ, ಗಾಯಕ್ಕೆ ಯಾರನ್ನು ಬೈಯೋದು? ಹೊಸಬರನ್ನು ತಗೊಳ್ಳಿ ಅಂತೀರಾ? ಇಲ್ಲಿ ಮತ್ತೆ ಲೆಕ್ಕ ಬಂತು. 2024ರ ಜುಲೈಯಲ್ಲಿ ಕ್ಲೇ ಥಾಂಪ್ಸನ್‌ನನ್ನು ತಂದ ವಿಧಾನದಿಂದಾಗಿ ಆ ವರ್ಷ ಡಲ್ಲಾಸ್ ಮೊದಲ ಏಪ್ರನ್ ದಾಟುವ ಹಾಗೇ ಇರಲಿಲ್ಲ. ಅವರಿಗೆ ಅದು ಗೆರೆಯಲ್ಲ, ನಿಜವಾದ ಗೋಡೆ. ವಿನಿಮಯಗಳೆಲ್ಲ ಮುಗಿದಾಗ ಆ ಗೋಡೆಗೂ ಅವರಿಗೂ ಉಳಿದ ಜಾಗ ಸುಮಾರು 51 ಸಾವಿರ ಡಾಲರ್. ಇಷ್ಟಕ್ಕೆ ಋತುವಿನ ಬಾಕಿ ಅವಧಿಗೆ ಒಬ್ಬ ಕನಿಷ್ಠ ವೇತನದವನೂ ಬರಲ್ಲ. 15 ಜನರ ತಂಡದಲ್ಲಿ ಒಂದು ಕುರ್ಚಿ ಖಾಲಿ, ತುಂಬಲು ಏಪ್ರಿಲ್‌ವರೆಗೆ ಕಾಯಬೇಕು. ಪಂದ್ಯಕ್ಕೆ ಕನಿಷ್ಠ 8 ಜನ ಸಿದ್ಧವಿರಬೇಕು ಅನ್ನೋದು ನಿಯಮ. ಆ ಎಂಟು ಜನ ಇದ್ದಾರಾ ಅಂತ ಎಣಿಸುವ ಪರಿಸ್ಥಿತಿ ಬಂತು. "ಮಾಮ, ನಮ್ಮ ಅಪಾರ್ಟ್‌ಮೆಂಟ್ ಟೀಮ್‌ನಲ್ಲೂ ಹತ್ತು ಜನ ಇದ್ದೀವಿ" ಅಂತ ಮೆಸೇಜ್ ಬಂತು. ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ಸಂಬಳವೇ ಕೈ ಕಟ್ಟಿದ ಇನ್ನೊಂದು ಉದಾಹರಣೆ ಅದೇ ವಾರದಲ್ಲಿತ್ತು. ಫೀನಿಕ್ಸ್ ತಂಡಕ್ಕೆ ಮಯಾಮಿಯ ಜಿಮ್ಮಿ ಬಟ್ಲರ್ ಬೇಕಿತ್ತು, ಸಂಬಳ 4.88 ಕೋಟಿ. ಫೀನಿಕ್ಸ್ ಎರಡನೇ ಏಪ್ರನ್ ದಾಟಿದ್ದರಿಂದ ಇಬ್ಬರು ಮೂವರನ್ನು ಕೂಡಿಸುವಂತಿಲ್ಲ, ಒಬ್ಬನನ್ನೇ ಕೊಡಬೇಕು. ಅಷ್ಟು ಸಂಬಳದವರು ಅಲ್ಲಿ ಮೂವರೇ: ಡ್ಯುರಾಂಟ್, ಬುಕರ್, ಬೀಲ್. ಕಳಿಸಲು ಇಷ್ಟವಿದ್ದದ್ದು ಬ್ರಾಡ್ಲಿ ಬೀಲ್‌ನನ್ನು. ಅವನ ಒಪ್ಪಂದದಲ್ಲೋ, ನನ್ನ ಒಪ್ಪಿಗೆಯಿಲ್ಲದೆ ಎಲ್ಲಿಗೂ ಕಳಿಸುವಂತಿಲ್ಲ ಅನ್ನುವ ಷರತ್ತು. ಬಟ್ಲರ್ ಗೋಲ್ಡನ್ ಸ್ಟೇಟ್‌ಗೆ ಹೋದ.

ಇಂಥ ಷರತ್ತು ಎನ್‌ಬಿಎಯಲ್ಲಿ ಬೆರಳೆಣಿಕೆಯವರಿಗೆ ಮಾತ್ರ. ಐಪಿಎಲ್ ವಿನಿಮಯಕ್ಕಾದರೂ ಆಟಗಾರನ ಒಪ್ಪಿಗೆ ಬೇಕು. ಇಲ್ಲಿ ಲೂಕಾನನ್ನು ಯಾರೂ ಕೇಳಲಿಲ್ಲ. ನಾನೂ ಒಂದು ಚಾನಲ್ ಬಿಟ್ಟು ಇನ್ನೊಂದಕ್ಕೆ ಬಂದವನೇ, ಆದರೆ ರಾಜೀನಾಮೆ ಪತ್ರ ಬರೆದವನು ನಾನೇ. ಶನಿವಾರ ರಾತ್ರಿ ಫೋನ್ ಮಾಡಿ "ನಾಳೆಯಿಂದ ನೀನು ಬೇರೆ ಊರಿನ ಬೇರೆ ಸ್ಟುಡಿಯೋದಲ್ಲಿ" ಅಂತ ಯಾರಾದರೂ ಅಂದಿದ್ದರೆ? ಕೋಟಿ ಡಾಲರ್ ಸಂಬಳ ಅಲ್ವಾ, ಸುಮ್ಮನೆ ಹೋಗ್ಲಿ ಅಂತ ನೀವು ಹೇಳಬಹುದು. ದುಡ್ಡಿನ ಮಾತೇ ಆಡೋಣ. ಲೂಕಾ ಡಲ್ಲಾಸ್‌ನಲ್ಲೇ ಉಳಿದಿದ್ದರೆ 2025ರ ಬೇಸಿಗೆಯಲ್ಲಿ ಐದು ವರ್ಷಕ್ಕೆ ಸುಮಾರು 34.5 ಕೋಟಿ ಡಾಲರ್ ಒಪ್ಪಂದಕ್ಕೆ ಅರ್ಹನಾಗುತ್ತಿದ್ದ. ತಮ್ಮಲ್ಲೇ ಬೆಳೆದ ತಾರೆಯನ್ನು ಉಳಿಸಿಕೊಳ್ಳಲು ತಂಡಗಳಿಗೆ ಅನುಕೂಲ ಆಗಲಿ ಅಂತ ಮಾಡಿದ ನಿಯಮ ಅದು. ತಂಡವೇ ಕಳಿಸಿಬಿಟ್ಟರೆ ಆ ಅರ್ಹತೆಯೂ ಹೋಗುತ್ತದೆ. ಆಗಸ್ಟ್‌ನಲ್ಲಿ ಲೇಕರ್ಸ್ ಜೊತೆ ಅವನು ಸಹಿ ಹಾಕಿದ್ದು ಮೂರು ವರ್ಷಕ್ಕೆ 16.5 ಕೋಟಿಗೆ. ವರ್ಷದ ಲೆಕ್ಕದಲ್ಲೂ ಕಡಿಮೆ.

ಏಪ್ರಿಲ್ 9ರಂದು ಲೂಕಾ ಲೇಕರ್ಸ್ ಅಂಗಿ ತೊಟ್ಟು ಡಲ್ಲಾಸ್‌ಗೆ ಆಡಲು ಬಂದ. ಅವನ ಹಳೆಯ ದೃಶ್ಯಗಳನ್ನು ದೊಡ್ಡ ಪರದೆ ಮೇಲೆ ತೋರಿಸಿದಾಗ ಬೆಂಚಿನಲ್ಲಿ ಕೂತು ಅತ್ತ. ಆಮೇಲೆ ಎದ್ದು 45 ಅಂಕ ಹೊಡೆದ. ಹ್ಯಾರಿಸನ್‌ರನ್ನು ಕಿತ್ತುಹಾಕಿ ಅಂತ ಇಡೀ ಕ್ರೀಡಾಂಗಣ ಕೂಗುತ್ತಿತ್ತು. ಮ್ಯಾವರಿಕ್ಸ್ ಆ ಕೆಲಸ ಮಾಡಿದ್ದು ನವೆಂಬರ್‌ನಲ್ಲಿ. ಅಷ್ಟರಲ್ಲಿ, ನೂರಕ್ಕೆ ಎರಡೂ ಇಲ್ಲದ ಸಾಧ್ಯತೆಯಲ್ಲಿ, ಡ್ರಾಫ್ಟ್ ಲಾಟರಿಯ ಮೊದಲ ಪಿಕ್ ಅವರಿಗೇ ಹೊಡೆದು ಕೂಪರ್ ಫ್ಲ್ಯಾಗ್ ಅನ್ನುವ ಹುಡುಗ ಬಂದಿದ್ದ. ಅದು ಯಾವ ಲೆಕ್ಕಕ್ಕೂ ಸಿಗದ ವಿಷಯ ಬಿಡಿ.

ನಮ್ಮ ಹುಡುಗ 77ನೇ ನಂಬರಿನ ನೀಲಿ ಜೆರ್ಸಿಯನ್ನು ಇನ್ನೂ ಬೀರುವಿನಲ್ಲೇ ಇಟ್ಟಿದ್ದಾನಂತೆ, ಅಕ್ಕ ಹೇಳಿದಳು. ಪ್ರಸ್ತಾಪ ಕಳಿಸೋದು ಕೆಲವು ತಿಂಗಳು ನಿಂತಿತ್ತು, ಈಗ ಮತ್ತೆ ಶುರುವಾಗಿದೆ. ಮೊನ್ನೆ ಒಂದು ಬಂತು. ಮೂರು ತಂಡ, ಏಳು ಆಟಗಾರರು, ಸಂಬಳ ಕಾಸಿಗೆ ಕಾಸು ಸರಿ. ಸೆಂಟರ್‌ಗಳು ಮೂವರಿದ್ದಾರೆ, ಚೆಂಡು ಹಿಡಿದು ಆಟ ನಡೆಸೋನು ಒಬ್ಬನೂ ಇಲ್ಲ. ಇನ್ನೂ ಉತ್ತರ ಕೊಟ್ಟಿಲ್ಲ. ಭಾನುವಾರ ಫೋನ್ ಮಾಡ್ತೀನಿ.